ಅಕ್ಕನ ಊರಿನ ಮೆಟ್ರೋ: ಶಾಂಘೈನಲ್ಲಿ ಆರು ದಿನ

ಮೊದಲ ದಿನ

“ರೈಲು ನೋಡೋಕೆ ಬಂದ್ಯೋ, ನನ್ನ ನೋಡೋಕೆ ಬಂದ್ಯೋ?”

ಪುಡಾಂಗ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಕ್ಕ ಕೇಳಿದ ಮೊದಲ ಮಾತು. ಎರಡಕ್ಕೂ ಅಂದೆ. ನಂಬಲಿಲ್ಲ. ಅವಳನ್ನೂ ತಪ್ಪು ಅನ್ನುವ ಹಾಗಿಲ್ಲ. ಅಕ್ಕ, ಭಾವ ಶಾಂಘೈ ಸೇರಿದ್ದು 2008ರಲ್ಲಿ. ಇಷ್ಟು ವರ್ಷ ಕರೆದರೂ ಬಾರದವನು, ಬೆಂಗಳೂರಲ್ಲಿ ಹಳದಿ ಲೈನು ಶುರುವಾದ ಮೂರೇ ತಿಂಗಳಿಗೆ ಟಿಕೆಟ್ ಮಾಡಿಸಿ ಸಿಂಗಪುರದಲ್ಲಿ ವಿಮಾನ ಬದಲಿಸಿ ಬಂದು ನಿಂತಿದ್ದೆ. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹೋಗುವ ಆ ಲೈನಿನ ಮೊದಲ ರೈಲು ತಯಾರಾಗಿ ಬಂದದ್ದು ಚೀನಾದ ನಾನ್‌ಜಿಂಗ್‌ನಿಂದ. ಅದರಲ್ಲಿ ಕೂತು ಹೋಗುವಾಗಲೇ ತಲೆಗೆ ಹುಳ ಬಿಟ್ಟುಕೊಂಡಿದ್ದೆ. ಇವರು ಇಷ್ಟು ಬೇಗ ಹೇಗೆ ಕಟ್ಟಿದರು?

ಊರಿನೊಳಗೆ ಹೋಗಲು ನಾವು ಯೋಚಿಸಿದ್ದು ಎರಡು ದಾರಿ. ಎರಡನೇ ಲೈನಿನ ಮೆಟ್ರೋ, ಇಲ್ಲವೇ ಮ್ಯಾಗ್ಲೆವ್, ಅಂದರೆ ಹಳಿ ಮುಟ್ಟದೆ ಆಯಸ್ಕಾಂತದ ಬಲದ ಮೇಲೆ ತೇಲುವ ರೈಲು. ಅದರ ಟಿಕೆಟ್ 50 ಯುವಾನ್, ಅದೇ ದಿನದ ವಿಮಾನದ ಟಿಕೆಟ್ ತೋರಿಸಿದರೆ 40, ನಮ್ಮ ಲೆಕ್ಕದಲ್ಲಿ ಐನೂರು ರೂಪಾಯಿ ಹತ್ತಿರ. “ದುಡ್ಡು ದಂಡ” ಅಂದಳು ಅಕ್ಕ. ಆದರೂ ಹತ್ತಿದೆವು. 30 ಕಿಲೋಮೀಟರ್ ದಾರಿ ಎಂಟೇ ನಿಮಿಷದಲ್ಲಿ ಮುಗಿಯಿತು. ಮೊದಲೆಲ್ಲ ಇದು ಗಂಟೆಗೆ 431 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು, ಈಗ 300 ಅಷ್ಟೇ. ನೀರು ಕುಡಿಯಲು ಬಾಟಲಿ ಮುಚ್ಚಳ ತೆಗೆಯುವಷ್ಟರಲ್ಲಿ ಲಾಂಗ್‌ಯಾಂಗ್ ರೋಡ್ ಬಂತು.

ಬಂತು, ಆದರೆ ಅದು ಊರಿನ ನಡು ಅಲ್ಲ. ಇಳಿದು ಮತ್ತೆ ಮೆಟ್ರೋ ಹತ್ತಲೇಬೇಕು. ಮ್ಯಾಗ್ಲೆವ್ ಮೊದಲು ಓಡಿದ್ದು 2002ರ ಕೊನೆಯ ದಿನ, ಜರ್ಮನಿಯ ಚಾನ್ಸಲರ್ ಶ್ರೋಡರ್ ಕೂಡ ಬಂದು ಕೂತಿದ್ದರು. ಹಾಂಗ್‌ಝೋವರೆಗೆ ಎಳೆಯುವ ಯೋಚನೆ ಇತ್ತು, ಆಗಲಿಲ್ಲ. ಅಂದು 30 ಕಿಲೋಮೀಟರ್, ಇಂದೂ 30 ಕಿಲೋಮೀಟರ್. ನಿಧಾನಕ್ಕೆ ಹೋಗುವ ಸಾದಾ ಮೆಟ್ರೋ ಮಾತ್ರ ಅದೇ ಸಮಯದಲ್ಲಿ 800 ಕಿಲೋಮೀಟರ್ ದಾಟಿ, 500ಕ್ಕೂ ಹೆಚ್ಚು ನಿಲ್ದಾಣ ಮಾಡಿಕೊಂಡು, ದಿನಕ್ಕೆ ಕೋಟಿ ಜನರನ್ನು ಹೊತ್ತು ತಿರುಗುತ್ತಿದೆ. ಆಮೆ ಮೊಲದ ಕಥೆ ಜ್ಞಾಪಕಕ್ಕೆ ಬಂತು, ಆದರೆ ಇಲ್ಲಿನ ಆಮೆಯೂ ಸಾಕಷ್ಟು ಓಡಿದೆ.

ಅಕ್ಕನ ಮನೆ ಮಿನ್‌ಶೆಂಗ್ ರೋಡ್ ನಿಲ್ದಾಣದ ಹತ್ತಿರ. ಲಾಂಗ್‌ಯಾಂಗ್ ರೋಡಿನಿಂದ 18ನೇ ಲೈನಿನಲ್ಲಿ ಕೆಲವೇ ನಿಲ್ದಾಣ. ಡ್ರೈವರ್ ಇಲ್ಲ. ನಾನು ಚಿಕ್ಕ ಹುಡುಗನ ಥರ ಮುಂದಿನ ಗಾಜಿಗೆ ಮೂಗು ಒತ್ತಿ ಸುರಂಗ ನೋಡುತ್ತಾ ನಿಂತೆ. ಅಕ್ಕ ಗುರುತೇ ಇಲ್ಲದವಳ ಹಾಗೆ ದೂರ ಹೋಗಿ ಕೂತಳು.

ಎರಡನೇ ದಿನ

ಬೆಳಗ್ಗೆ ಮೊದಲ ಕೆಲಸ ಪಾಸು. ಮೂರು ದಿನದ ಪಾಸಿಗೆ 45 ಯುವಾನ್, ಮೊದಲ ಸಲ ಗೇಟಿಗೆ ತೋರಿಸಿದಲ್ಲಿಂದ 72 ಗಂಟೆ ಎಷ್ಟು ಬೇಕಾದರೂ ಸುತ್ತಬಹುದು. ಬಿಡಿ ಟಿಕೆಟ್ ಆದರೆ ಮೊದಲ 6 ಕಿಲೋಮೀಟರಿಗೆ 3 ಯುವಾನ್, ಆಮೇಲೆ ಪ್ರತಿ 10 ಕಿಲೋಮೀಟರಿಗೆ ಒಂದೊಂದು ಯುವಾನ್ ಜಾಸ್ತಿ. ಫೋನಿನಲ್ಲಿ ಕ್ಯೂಆರ್ ತೋರಿಸಿಯೂ ಹೋಗಬಹುದು. ನನ್ನ ಫೋನಿನಲ್ಲಿ ನೆಟ್ ಕೈಕೊಟ್ಟು, ಹಿಂದೆ ಇಪ್ಪತ್ತು ಜನ ಉಸಿರುಬಿಡುತ್ತಾ ನಿಂತಾಗ ಪಾಸೇ ವಾಸಿ ಅನಿಸಿತು.

ಇಂದು ಭಾವನ ಜೊತೆ ಹೊರಟೆ. ಅವರ ಆಫೀಸು ಝಾಂಗ್‌ಜಿಯಾಂಗ್‌ನಲ್ಲಿ. ಆರನೇ ಲೈನು ಹಿಡಿದು ಎರಡು ನಿಲ್ದಾಣ ಹೋಗಿ, ಸೆಂಚುರಿ ಅವೆನ್ಯೂದಲ್ಲಿ ಎರಡನೇ ಲೈನಿಗೆ ಬದಲಿಸುತ್ತಾರೆ. ಆರನೇ ಲೈನಿನ ಪ್ಲಾಟ್‌ಫಾರಂಗೆ ಇಳಿದ ಕೂಡಲೇ ಏನೋ ಕಮ್ಮಿ ಅನಿಸಿತು. ನಿಲ್ದಾಣ ಗಿಡ್ಡ! ರೈಲು ಬಂತು, ಅದೂ ಗಿಡ್ಡ. ನಾಲ್ಕೇ ಬೋಗಿ, ಅಗಲವೂ ಕಡಿಮೆ. ಒಳಗೆ ನಿಂತವರು ಉಪ್ಪಿನಕಾಯಿ ಜಾಡಿಯೊಳಗಿನ ಮಿಡಿ ಮಾವಿನಕಾಯಿ. ಭಾವ ನನ್ನ ಮುಖ ನೋಡಿ ನಕ್ಕರು. “ಮುಂದಿನದಕ್ಕೆ ಹೋಗೋಣ. ಅದೂ ಹೀಗೇ ಇರುತ್ತೆ, ಆದ್ರೂ ಹೋಗೋಣ.”

ಈ ಲೈನಿನ ಕಥೆ ಕೇಳಿ. 2010ರಲ್ಲಿ ವಿಶ್ವ ಮೇಳ, ವರ್ಲ್ಡ್ ಎಕ್ಸ್‌ಪೋ, ಶಾಂಘೈನಲ್ಲಿ ನಡೆಯಲಿತ್ತು. ಅದಕ್ಕೆ ಮುಂಚೆ ಊರೆಲ್ಲ ಅಗೆದರು. 2007ರ ಡಿಸೆಂಬರ್ 29, ಒಂದೇ ದಿನ 6, 8, 9 ಮೂರೂ ಹೊಸ ಲೈನು ಶುರುವಾದವು. ಒಂದೇ ದಿನ ಮೂರು! ಅದರ ಜೊತೆಗೆ ಒಂದನೇ ಲೈನಿನ ಮುಂದುವರಿದ ಭಾಗ, ನಾಲ್ಕನೇ ಲೈನಿನ ಉಳಿದ ತುಂಡು ಕೂಡ. ಆಗ ಪುಡಾಂಗ್‌ನ ಈ ಕಡೆ ಅಷ್ಟೊಂದು ಜನ ಇರಲಿಲ್ಲ. ಇಲ್ಲಿಗೆ ಸಣ್ಣ ರೈಲು ಸಾಕು ಅಂತ ಲೆಕ್ಕ ಹಾಕಿ, ನಾಲ್ಕು ಬೋಗಿಯ ಅಳತೆಗೇ ನಿಲ್ದಾಣ ಅಗೆದರು. ಸಣ್ಣ ಗುಂಡಿ, ಕಡಿಮೆ ಖರ್ಚು. ಆದರೆ ಮೆಟ್ರೋ ಬಂದ ಮೇಲೆ ಜನ ಬರದೆ ಇರುತ್ತಾರಾ? ಅಕ್ಕ ಇಲ್ಲಿ ಮನೆ ಮಾಡಿದ್ದೇ ನಿಲ್ದಾಣ ಹತ್ತಿರ ಅಂತ. ಅವಳ ಹಾಗೆ ಲಕ್ಷಾಂತರ ಜನ. ಈಗ ಬೋಗಿ ಸೇರಿಸೋಣ ಅಂದರೆ ನಿಲ್ಲಿಸಲು ಜಾಗ ಇಲ್ಲ. ನೆಲದ ಕೆಳಗಿನ ಡಬ್ಬಿಯನ್ನು ಎಳೆದು ಉದ್ದ ಮಾಡಲಾಗುತ್ತಾ?

ನಮ್ಮ ಮೆಟ್ರೋ ನೆನಪಾಯಿತು. 2011ರಲ್ಲಿ ಮೂರು ಬೋಗಿಯಲ್ಲಿ ಶುರುವಾಯಿತು, 2018ರಲ್ಲಿ ಆರು ಬೋಗಿ ಬಂತು. ಅದು ಸಾಧ್ಯವಾದದ್ದು ಪ್ಲಾಟ್‌ಫಾರಂ ಮೊದಲೇ ಆರಕ್ಕೆ ಕಟ್ಟಿದ್ದರಿಂದ. ಯಾರೋ ಒಬ್ಬ ಎಂಜಿನಿಯರು ಅಂದು ಹಟ ಹಿಡಿದಿರಬೇಕು ಅಂದುಕೊಳ್ಳುತ್ತೇನೆ, ಅವರಿಗೊಂದು ನಮಸ್ಕಾರ.

ಸೆಂಚುರಿ ಅವೆನ್ಯೂದಲ್ಲಿ ನಾಲ್ಕು ಲೈನು ಸೇರುತ್ತವೆ. 2, 4, 9 ಮೂರೂ ಒಂದಕ್ಕೊಂದು ಸಮಾನಾಂತರ, ಆರನೆಯದು ಅವನ್ನು ಅಡ್ಡ ಸೀಳಿಕೊಂಡು ಹೋಗುತ್ತದೆ. ಚೀನಿಯರಿಗೆ ಅದು ತಮ್ಮ ಲಿಪಿಯ ಒಂದು ಅಕ್ಷರದ ಹಾಗೆ ಕಾಣುತ್ತದಂತೆ. ನನಗೆ ಹಣೆಯ ಮೇಲಿನ ಮೂರು ಪಟ್ಟೆ ವಿಭೂತಿ, ಮೇಲೊಂದು ನಾಮ ಎಳೆದ ಹಾಗೆ ಕಂಡಿತು. ಭಾವನಿಗೆ ಹೇಳಿದೆ. “ಹರಿಹರ” ಅಂದು ಜನರ ನಡುವೆ ಮಾಯವಾದರು.

ಅಲ್ಲಿಂದ ಒಂಬತ್ತನೇ ಲೈನಿನಲ್ಲಿ ಶೂಜಿಯಾಹುಯಿಗೆ ಹೋದೆ. ಶಾಂಘೈ ಮೆಟ್ರೋ ಹುಟ್ಟಿದ ಜಾಗ ಇದು. 1993ರ ಮೇ 28ರಂದು ಇಲ್ಲಿಂದ ಜಿನ್‌ಜಿಯಾಂಗ್ ಪಾರ್ಕ್‌ವರೆಗೆ ಮೊದಲ ರೈಲು ಓಡಿತು. ಎಷ್ಟು ನಿಲ್ದಾಣ ಗೊತ್ತಾ? ಐದು. ನಮ್ಮ ಬೈಯಪ್ಪನಹಳ್ಳಿ–ಎಂ.ಜಿ. ರೋಡ್‌ನಲ್ಲಿ ಆರಿತ್ತು! ಕೋಲ್ಕತ್ತದಲ್ಲಿ ಮೆಟ್ರೋ ಬಂದದ್ದು 1984ರಲ್ಲಿ, ಶಾಂಘೈಗಿಂತ ಒಂಬತ್ತು ವರ್ಷ ಮೊದಲು. ಅಂದರೆ ಇವರು ನಮ್ಮ ಹಿಂದೆ ಇದ್ದವರು. ಶುರುವಾಗಿ ಹದಿನೇಳು ವರ್ಷಕ್ಕೆ, 2010ರ ಹೊತ್ತಿಗೆ, 400 ಕಿಲೋಮೀಟರ್ ದಾಟಿದರು. ಬೆಂಗಳೂರು ಹದಿನಾಲ್ಕು ವರ್ಷಕ್ಕೆ 96 ಕಿಲೋಮೀಟರ್ ಮುಟ್ಟಿದೆ. ಹೊಟ್ಟೆ ಉರಿಯಲ್ವಾ? ಉರಿಯಿತು.

ತಡವಾಗಿ ಶುರುವಾಗಲು ಇಲ್ಲಿನ ಮಣ್ಣೂ ಒಂದು ಕಾರಣ. ಶಾಂಘೈ ನಿಂತಿರುವುದು ನದಿ ತಂದು ಹಾಕಿದ ಮೆತ್ತನೆ ಮಣ್ಣಿನ ಮೇಲೆ. ಗಟ್ಟಿ ಬಂಡೆ ಬೇಕೆಂದರೆ ಇನ್ನೂರು, ಮುನ್ನೂರು ಮೀಟರ್ ಕೆಳಗೆ ಹೋಗಬೇಕು. ಇದರಲ್ಲಿ ಸುರಂಗ ಕೊರೆಯುವುದು ತೋಫುವಿನಲ್ಲಿ ತೂತು ಮಾಡಿದ ಹಾಗೆ ಅಂತ ಹಿಂದೆ ಸೋವಿಯತ್ ತಜ್ಞರು ಆಗದ ಕೆಲಸ ಅಂದುಬಿಟ್ಟಿದ್ದರಂತೆ, ಇಲ್ಲಿ ಎಲ್ಲರೂ ಹೇಳುವ ಕಥೆ. ಅರವತ್ತರ ದಶಕದಲ್ಲೇ ಪ್ರಯೋಗಕ್ಕೆ ಅಂತ ಸಣ್ಣ ಸುರಂಗ ಕೊರೆದು ನೋಡಿದರು. ನಿಜವಾದ ಲೈನು ಕಟ್ಟಿದ್ದು ಜರ್ಮನಿಯ ಸಾಲದಲ್ಲಿ, ಜರ್ಮನಿಯ ರೈಲು ತಂದು. ನಮ್ಮಲ್ಲಿ ಉಲ್ಟಾ ಕಷ್ಟ. ಕರಿಕಲ್ಲು ಕೊರೆಯಲಾರದೆ ಯಂತ್ರ ತಿಂಗಳುಗಟ್ಟಲೆ ನೆಲದೊಳಗೆ ಸಿಕ್ಕಿಹಾಕಿಕೊಂಡಿದ್ದು ಬೆಂಗಳೂರಿನವರು ಮರೆತಿಲ್ಲ.

ಶೂಜಿಯಾಹುಯಿಯಲ್ಲಿ ಇನ್ನೊಂದು ಮಜಾ. ಒಂಬತ್ತನೇ ಲೈನು ತರುವ ಹೊತ್ತಿಗೆ ಇಲ್ಲಿ ಅಗೆಯಲು ಜಾಗವೇ ಉಳಿದಿರಲಿಲ್ಲ. ಆಗ ಏನು ಮಾಡಿದರು? ಒಂದು ದೊಡ್ಡ ಮಾಲ್‌ನ ನೆಲಮಾಳಿಗೆಯ ಕಾರ್ ಪಾರ್ಕಿಂಗ್ ತೆಗೆದುಕೊಂಡು ಅದನ್ನೇ ನಿಲ್ದಾಣ ಮಾಡಿಬಿಟ್ಟರು. ಒಂದನೇ ಲೈನಿಗೂ ಅಲ್ಲಿಗೂ ನಡೆದು ನಡೆದು ಕಾಲು ಸೋಲುತ್ತದೆ, ಅದು ಬೇರೆ ಮಾತು. ಮೂವತ್ತು ವರ್ಷದ ಹಿಂದಿನ ಒಂದನೇ ಲೈನಿನಲ್ಲಿ ಈಗ ಎಂಟು ಬೋಗಿಯ ರೈಲು ಓಡುತ್ತದೆ. ಮೊದಲು ಆರಿತ್ತು, ಪ್ಲಾಟ್‌ಫಾರಂ ಎಂಟಕ್ಕೇ ಕಟ್ಟಿದ್ದರು. ಸಾಲ ಮಾಡಿ ಕಟ್ಟಿದವರು ದೊಡ್ಡದು ಕಟ್ಟಿದರು, ಕೈಯಲ್ಲಿ ದುಡ್ಡು ಬಂದ ಮೇಲೆ ಆರನೇ ಲೈನಿನಲ್ಲಿ ಜಿಪುಣತನ ಮಾಡಿದರು! ನಮ್ಮೂರಲ್ಲೂ ಮನೆ ಕಟ್ಟುವವರು ಹೀಗೇ.

ಮೂರನೇ ದಿನ

ಇವತ್ತು ದಾರಿ ತಪ್ಪಿದೆ. ತಪ್ಪು ಪೂರ್ತಿ ನನ್ನದೇ.

ಜಿಯಾಂಗ್‌ವಾನ್ ಟೌನ್ ಅನ್ನುವ ನಿಲ್ದಾಣಕ್ಕೆ ಹೋಗಬೇಕಿತ್ತು. ಅಲ್ಲೇನಿದೆ ಅಂದರೆ, ನೋಡಲು ಏನೂ ಇಲ್ಲ. ಆದರೆ 1876ರಲ್ಲಿ ಚೀನಾದ ಮೊದಲ ರೈಲು ಶಾಂಘೈನಿಂದ ಹೊರಟು ಬಂದದ್ದು ಇದೇ ಜಿಯಾಂಗ್‌ವಾನ್‌ಗೆ. ಬ್ರಿಟಿಷ್ ವ್ಯಾಪಾರಿಗಳು ಹಾಕಿದ ಹಳಿ. ಅದಕ್ಕೆ ಒಬ್ಬ ಮನುಷ್ಯ ಸಿಕ್ಕಿ ಸತ್ತ, ಗಲಾಟೆಯಾಯಿತು. ಸರ್ಕಾರ ಆ ರೈಲನ್ನು ದುಡ್ಡು ಕೊಟ್ಟು ಕೊಂಡು, 1877ರಲ್ಲಿ ಹಳಿಯನ್ನೇ ಕಿತ್ತುಹಾಕಿತು. ಕೊಂಡು ಕೀಳುವುದು! ಆಮೇಲೆ ಅದೇ ಕಡೆ ಮತ್ತೆ ಹಳಿ ಬಂತು, 2000ದ ಡಿಸೆಂಬರ್‌ನಲ್ಲಿ ಶುರುವಾದ ಮೂರನೇ ಲೈನು ಆ ಹಳೆ ರೈಲುದಾರಿಯ ಜಾಗವನ್ನೇ ಬಳಸಿಕೊಂಡಿದೆ. ಹಾಗಾಗಿ ಅದು ನೆಲದ ಮೇಲೆ, ಕಂಬಗಳ ಮೇಲೆ ಹೋಗುತ್ತದೆ. ಮನೆಗಳ ಬಾಲ್ಕನಿಯಲ್ಲಿ ಒಣಗಿಹಾಕಿದ ಬಟ್ಟೆ, ಕುಂಡದ ಈರುಳ್ಳಿ ಸೊಪ್ಪು, ಎಲ್ಲ ಕೈಗೆಟುಕುವ ಹಾಗೆ ಕಾಣುತ್ತದೆ.

ಕಷ್ಟ ಏನೆಂದರೆ ಮೂರು ಮತ್ತು ನಾಲ್ಕನೇ ಲೈನು ಒಂಬತ್ತು ನಿಲ್ದಾಣಗಳ ಉದ್ದಕ್ಕೆ ಒಂದೇ ಹಳಿ ಹಂಚಿಕೊಂಡಿವೆ. ಒಂದೇ ಪ್ಲಾಟ್‌ಫಾರಂ, ಒಂದು ಹಳದಿ ಪಟ್ಟಿಯ ರೈಲು, ಒಂದು ನೇರಳೆ ಪಟ್ಟಿಯದು. ನಾನು ಬಾಲ್ಕನಿ ನೋಡುವ ಆಸೆಯಲ್ಲಿ ಬಂದ ರೈಲು ಹತ್ತಿದೆ. ಸ್ವಲ್ಪ ಹೊತ್ತಿಗೆ ರೈಲು ನೆಲದೊಳಗೆ ನುಗ್ಗಿತು. ಕತ್ತಲೆ. ಮೇಲಿನ ಫಲಕದಲ್ಲಿ ಹೈಲುನ್ ರೋಡ್. ಅಯ್ಯೋ, ಇದು ನಾಲ್ಕು! ಅಕ್ಕನಿಗೆ ಫೋನ್ ಮಾಡಿದರೆ, “ಇಳಿಬೇಡ ಕಣೋ, ಅದು ಸುತ್ತು ಹೊಡೆದು ನಮ್ಮ ಹತ್ರಕ್ಕೇ ಬರುತ್ತೆ” ಅಂದಳು. ನಾಲ್ಕನೇ ಲೈನು ಬಳೆಯ ಹಾಗೆ ಗುಂಡಗೆ ಊರು ಸುತ್ತುತ್ತದೆ. ಸರಿ, ಕೂತೇ ಇದ್ದೆ.

ಕೂತದ್ದು ಒಳ್ಳೆಯದೇ ಆಯಿತು, ಏಕೆಂದರೆ ಈ ಬಳೆಗೆ ಒಂದು ಬೆಸುಗೆ ಇದೆ. 2003ರ ಜುಲೈ 1ರ ಬೆಳಗಿನ ಜಾವ, ಹುವಾಂಗ್‌ಪು ನದಿಯ ದಡದಲ್ಲಿ ಈ ಲೈನಿನ ಕೆಲಸ ನಡೆದಿತ್ತು. ಎರಡು ಸುರಂಗಗಳ ನಡುವೆ ಓಡಾಡಲು ಒಂದು ಅಡ್ಡ ದಾರಿ ಕೊರೆಯಬೇಕು. ಮಣ್ಣು ಮೆತ್ತಗೆ, ಪಕ್ಕದಲ್ಲೇ ನದಿ. ಅದಕ್ಕೆ ಮಣ್ಣಿನೊಳಗೆ ಕೊಳವೆ ಇಳಿಸಿ, ಅದರಲ್ಲಿ ತಣ್ಣನೆ ದ್ರವ ಹರಿಸಿ, ಮಣ್ಣನ್ನೇ ಐಸ್ ಮಾಡಿ ಗಟ್ಟಿಯಾದ ಮೇಲೆ ಕೊರೆಯುತ್ತಾರೆ. ತಂಪು ಮಾಡುವ ಯಂತ್ರ ಕೆಟ್ಟು ಮಂಜು ಸಡಿಲವಾಯಿತು, ಆದರೂ ಕೆಲಸ ನಿಲ್ಲಿಸಲಿಲ್ಲ. ನೀರು ಮರಳು ಒಳಗೆ ನುಗ್ಗಿತು. ಮೇಲೆ ನೆಲ ಕುಸಿದು ಕಟ್ಟಡಗಳು ವಾಲಿದವು, ಕೆಲವು ಬಿದ್ದವು. ಜನರನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ಯಾರೂ ಸಾಯಲಿಲ್ಲ. ನಷ್ಟ ಸುಮಾರು 15 ಕೋಟಿ ಯುವಾನ್. ಬೇರೆ ಕಡೆ ಹೊಸ ಸುರಂಗ ಕೊರೆಯದೆ, ಅದೇ ಜಾಗದಲ್ಲಿ ಆಳವಾಗಿ ಅಗೆದು ಸರಿಮಾಡಿದರು. ಅಲ್ಲಿಯವರೆಗೆ ರೈಲು ಅರ್ಧ ಬಳೆಯ ಮೇಲೆ ಹಿಂದೆ ಮುಂದೆ ಓಡಿತು. 2007ರ ಕೊನೆಗೆ ಬಳೆ ಕೂಡಿತು.

ಆ ತುಂಡಿನ ಮೇಲೆ ರೈಲು ಹೋಗುವಾಗ ಕಿವಿಗೊಟ್ಟು ಕೇಳಿದೆ. ಬೇರೆ ಸದ್ದೇನೂ ಇಲ್ಲ. ಪಕ್ಕದ ಅಜ್ಜಿ ಕೈಚೀಲದಿಂದ ಕಿತ್ತಳೆ ತೆಗೆದು, ತಿನ್ನಬಾರದು ಅನ್ನುವ ಫಲಕ ನೋಡಿ, ವಾಪಸ್ ಇಟ್ಟುಕೊಂಡರು.

ಜಿಯಾಂಗ್‌ವಾನ್‌ಗೆ ಸಂಜೆ ಹೋಗಿ ಬಂದೆ. ಹೇಳಿದೆನಲ್ಲ, ನೋಡಲು ಏನೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಭಾವ 2011ರ ಸೆಪ್ಟೆಂಬರ್ 27ರ ವಿಷಯ ಎತ್ತಿದರು. ಹತ್ತನೇ ಲೈನಿನಲ್ಲಿ ಸಿಗ್ನಲ್ ಕೆಟ್ಟು, ಫೋನಿನಲ್ಲೇ ರೈಲು ಓಡಿಸುತ್ತಿದ್ದಾಗ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ಗುದ್ದಿ 250ಕ್ಕೂ ಹೆಚ್ಚು ಜನರಿಗೆ ಗಾಯ. ಅದಾಗಿ ತಿಂಗಳೊಳಗೆ ಬೆಂಗಳೂರಲ್ಲಿ ನಮ್ಮ ಮೊದಲ ಮೆಟ್ರೋ ಓಡಿತು. “ನಿಮ್ಮಮ್ಮ ಆ ವಾರ ದಿನಾ ಫೋನು. ಮೆಟ್ರೋ ಹತ್ಬೇಡಿ, ನಡ್ಕೊಂಡು ಹೋಗಿ ಅಂತ” ಅಂದರು ಭಾವ. ಅಕ್ಕ ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಾ, “ಹದಿನೈದು ಕಿಲೋಮೀಟರ್” ಅಂದಳು.

ನಾಲ್ಕನೇ ದಿನ

ಹದಿನಾರನೇ ಲೈನು. ಲಾಂಗ್‌ಯಾಂಗ್ ರೋಡಿನಿಂದ ದಿಶುಯಿ ಸರೋವರದವರೆಗೆ 59 ಕಿಲೋಮೀಟರ್. ಸುಮಾರಾಗಿ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಹೋದ ಹಾಗೆ, ಮೆಟ್ರೋದಲ್ಲಿ! ಸೀಟುಗಳು ಬಸ್ಸಿನ ಥರ ಅಡ್ಡಡ್ಡ. ವೇಗ ಗಂಟೆಗೆ 120ರ ತನಕ. ಊರು ಮುಗಿದು ಗದ್ದೆ, ಕಾಲುವೆ, ತರಕಾರಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ಮಧ್ಯೆ ಮಧ್ಯೆ ಕಾಂಪೌಂಡ್ ಹಾಕಿದ ಖಾಲಿ ಜಾಗ, ನೋಡಿದ ಕೂಡಲೇ ನಮ್ಮವರಿಗೆ ಗೊತ್ತಾಗುತ್ತದೆ, ಸೈಟು.

ಈ ಲೈನು 2013ರ ಡಿಸೆಂಬರ್‌ನಲ್ಲಿ ಶುರುವಾದಾಗ ಮೂರೇ ಬೋಗಿ. ಕಾಡು ಮೇಡಿನ ದಾರಿ, ಯಾರು ಬರುತ್ತಾರೆ ಅಂದುಕೊಂಡಿರಬೇಕು. ದಾರಿಯಲ್ಲೊಂದು ಪ್ರಾಣಿಸಂಗ್ರಹಾಲಯ ಬೇರೆ ಇದೆ. ಶುರುವಿನ ದಿನಗಳಲ್ಲಿ ಅಕ್ಕ ಮಗಳನ್ನು ಕಟ್ಟಿಕೊಂಡು ಹುಲಿ ನೋಡಲು ಹೊರಟು, ಜನ ಕಂಡು, ನಿಲ್ದಾಣದಿಂದಲೇ ಮನೆಗೆ ತಿರುಗಿದ್ದಳಂತೆ. ಆದರೆ ಇಲ್ಲಿ ಬಚಾವಾದರು. ಪ್ಲಾಟ್‌ಫಾರಂ ಉದ್ದ ಇತ್ತು, ಮೂರಕ್ಕೆ ಮೂರು ಜೋಡಿಸಿ ಆರು ಮಾಡಿದರು. ಆರನೇ ಲೈನಿಗೆ ಇಲ್ಲದ ಅದೃಷ್ಟ.

ದಿಶುಯಿ ಅಂದರೆ ತೊಟ್ಟಿಕ್ಕಿದ ನೀರು ಅಂತೆ. ಕೈಯಿಂದ ಮಾಡಿದ ಗುಂಡನೆ ಸರೋವರ, ಕಾಂಪಾಸಿನಿಂದ ಗೆರೆ ಎಳೆದ ಹಾಗಿದೆ. ಸುತ್ತ ಜರ್ಮನ್ ವಾಸ್ತುಶಿಲ್ಪಿಗಳು ಬರೆದುಕೊಟ್ಟ ಹೊಸ ಊರು, ಲಿನ್‌ಗಾಂಗ್. ಅಗಲ ರಸ್ತೆ, ಗಾಜಿನ ಕಟ್ಟಡ. ಟೆಸ್ಲಾ ಕಾರ್ಖಾನೆಯೂ ಈ ಕಡೆಯೇ. ನಾನು ಹೋದದ್ದು ವಾರದ ನಡುವೆ, ದಂಡೆಯ ಮೇಲೆ ಗಾಳಿಪಟ ಹಾರಿಸುವ ನಾಲ್ಕು ಜನ, ನಾನು. ಬಿಸಿ ಅಣಬೆ ಬನ್ ತಿನ್ನುತ್ತಾ ಗಾಳಿಗೆ ನಡುಗುತ್ತಾ ಕೂತೆ. ಬೆಂಗಳೂರಲ್ಲಿ ಮೊದಲು ಲೇಔಟ್ ಆಗುತ್ತದೆ, ಆಮೇಲೆ ಬಾಡಿಗೆ ಏರುತ್ತದೆ, ಆಮೇಲೆ ಟ್ರಾಫಿಕ್, ಆಮೇಲೆ ಎಲ್ಲರೂ ಬೈದ ಮೇಲೆ ಮೆಟ್ರೋ ಕಂಬ ಬರುತ್ತದೆ. ಇಲ್ಲಿ ಕಂಬ ಮೊದಲು ಬಂದಿದೆ. ಜನ ತುಂಬದ ಅಗಲ ರಸ್ತೆ ನೋಡಿದರೆ ಇದೂ ಪೂರ್ತಿ ಸರಿ ಲೆಕ್ಕ ಅನಿಸುವುದಿಲ್ಲ. ಆದರೆ ಆರು ಬೋಗಿಯ ರೈಲು ಅಂತೂ ವಾಪಸ್ ಬರುವಾಗ ಅರ್ಧ ದಾರಿಗೇ ತುಂಬಿತ್ತು.

ಐದನೇ ದಿನ

ಶನಿವಾರ. ಭಾವನಿಗೂ ರಜೆ. ಇಬ್ಬರೂ ಸೇರಿ ಒಂದು ಹುಚ್ಚು ಕೆಲಸ ಮಾಡಿದೆವು, ಶಾಂಘೈನಿಂದ ಸುಝೋ ಊರಿಗೆ ಮೆಟ್ರೋದಲ್ಲೇ ಹೋದೆವು. ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಮಗೆ ಹಿಡಿದದ್ದು ಮೂರೂವರೆ ಗಂಟೆ. ಅಕ್ಕ ಬರಲ್ಲ ಅಂದಳು, “ನಿಮ್ಮಿಬ್ಬರಿಗೂ ಬುದ್ಧಿ ಇಲ್ಲ” ಅಂತಲೂ ಅಂದಳು.

ಹನ್ನೊಂದನೇ ಲೈನು ಶಾಂಘೈ ಗಡಿ ದಾಟಿ ಪಕ್ಕದ ಜಿಯಾಂಗ್ಸು ಪ್ರಾಂತ್ಯದ ಹುವಾಚಿಯಾವ್‌ಗೆ ಹೋಗುತ್ತದೆ. 2013ರಿಂದಲೇ. ಒಂದು ಪ್ರಾಂತ್ಯದ ಮೆಟ್ರೋ ಇನ್ನೊಂದಕ್ಕೆ ಕಾಲಿಟ್ಟದ್ದು ಚೀನಾದಲ್ಲಿ ಅದೇ ಮೊದಲು. ನಮ್ಮ ಬೊಮ್ಮಸಂದ್ರದಿಂದ ಹೊಸೂರಿಗೆ ಅನ್ನುವ ಮಾತು ಎಷ್ಟು ಸಲ ಎದ್ದು ಎಷ್ಟು ಸಲ ಕೂತಿತು ಅಂತ ನೆನಪಿಸಿಕೊಳ್ಳಿ. ಹುವಾಚಿಯಾವ್‌ನಲ್ಲಿ ಮನೆ ಅಗ್ಗ, ಕೆಲಸ ಶಾಂಘೈನಲ್ಲಿ, ಹಾಗೆ ಬದುಕುವವರು ಬಹಳ. ಈ ಲೈನು ನಡುವೆ ಎರಡಾಗಿ ಒಡೆಯುತ್ತದೆ, ಮೂರನೇ ದಿನದ ಪಾಠ ಕಲಿತಿದ್ದರಿಂದ ಫಲಕ ಎರಡು ಸಲ ಓದಿ ಹತ್ತಿದೆ. 2023ರ ಜೂನ್‌ನಲ್ಲಿ ಸುಝೋ ಕಡೆಯವರೂ ತಮ್ಮ ಹನ್ನೊಂದನೇ ಲೈನನ್ನು ಹುವಾಚಿಯಾವ್‌ಗೆ ತಂದು ನಿಲ್ಲಿಸಿದರು. ಇದೂ ಹನ್ನೊಂದು, ಅದೂ ಹನ್ನೊಂದು. ಅಲ್ಲಿಂದ 28 ನಿಲ್ದಾಣ, ಅಷ್ಟೂ ನೆಲದೊಳಗೆ. ಭಾವ ಐದನೆಯದಕ್ಕೇ ನಿದ್ದೆಹೋದರು.

ಸುಝೋದಲ್ಲಿ ತೋಟ ನೋಡಿದೆವು, ಚಂದ ಇತ್ತು. ವಾಪಸ್ ಬರುವಾಗ ಭಾವ ಮಾತಾಡದೆ ವೇಗದ ರೈಲಿನ ಟಿಕೆಟ್ ತೆಗೆದರು.

ಆರನೇ ದಿನ

ವಿಮಾನ ಸಂಜೆಗೆ. ಬೆಳಗ್ಗೆ ಅಕ್ಕ ತರಕಾರಿಗೆ ಹೊರಟಳು, ನಾನೂ ಚೀಲ ಹಿಡಿದು ಹೊರಟೆ. ಮಿನ್‌ಶೆಂಗ್ ರೋಡ್‌ನಲ್ಲಿ 2007ರ ಆರನೇ ಲೈನೂ ಇದೆ, 2021ರ ಕೊನೆಗೆ ಬಂದ 18ನೆಯದೂ ಇದೆ. ಒಂದೇ ನಿಲ್ದಾಣದಲ್ಲಿ ಒಂದು ಎಂಬತ್ತು ಮೀಟರಿನ ರೈಲು, ಇನ್ನೊಂದು ನೂರನಲವತ್ತರದ್ದು. ಹಳೆಯ ಬೋಗಿ 2.6 ಮೀಟರ್ ಅಗಲ, ಹೊಸದು 3 ಮೀಟರ್. ಪಾಸಿನ 72 ಗಂಟೆ ಯಾವಾಗಲೋ ಮುಗಿದಿತ್ತು, ಮೂರು ಯುವಾನ್ ಕೊಟ್ಟು ಒಳಗೆ ಹೋದೆ, ನೇರ 18ರ ಕಡೆ ತಿರುಗಿದೆ.

ಅಕ್ಕ ಬರಲಿಲ್ಲ. ಅವಳು ಆರನೇ ಲೈನಿನ ಮೆಟ್ಟಿಲ ಹತ್ತಿರ ನಿಂತಿದ್ದಳು.

“ಅಲ್ಲ ಅಕ್ಕ, ಇಷ್ಟು ಖಾಲಿ ರೈಲು ಬಿಟ್ಟು ಅದರಲ್ಲಿ ಯಾಕೆ ಸಾಯ್ತೀಯಾ?”

“ಅದು ಪಾತಾಳದಲ್ಲಿದೆ ಕಣೋ. ಇಳಿದು ಹತ್ತೋಷ್ಟರಲ್ಲಿ ನಾನು ಸೊಪ್ಪು ತಂದಿರ್ತೀನಿ. ಬಾ, ಬಂತು!”

ಬಂದ ರೈಲು ತುಂಬಿತ್ತು. ಅಕ್ಕ ಚೀಲ ಎದೆಗೆ ಅವುಚಿಕೊಂಡು, ಭುಜ ಓರೆ ಮಾಡಿ, ನುಸುಳಿ ಒಳಗೆ ಹೋದಳು. ನನಗೆ ಬಾಗಿಲು ಮುಚ್ಚಿತು.